ಕಬ್ಬಿಣ ಮೂರು ನೂಲು ಬಗ್ಗಿದ ದಿನ

ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಮನೆಯ ನಟ್ಟನಡುವೆ ಒಂದು ಹಲಸಿನ ಕಂಬ ನಿಂತಿತ್ತು. ಮದುವೆಯಾಗಿ ಬಂದ ಮೊದಲ ದಿನವೇ ನಾನು ಅದಕ್ಕೆ ಹಣೆ ಚಚ್ಚಿಕೊಂಡೆ. ಹೊಸ ಸೊಸೆ ತಲೆ ತಗ್ಗಿಸಿ ನಡೆಯಬೇಕು ಎಂದು ತವರಿನಲ್ಲಿ ಹೇಳಿಕೊಟ್ಟಿದ್ದರು. ಕಂಬ ಇರುವ ಮನೆಗೆ ಆ ಬುದ್ಧಿಮಾತು ಹೊಂದುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಅತ್ತೆ ಊದಿದ ಹಣೆಗೆ ಅರಿಶಿನ ಮೆತ್ತುತ್ತಾ, "ನಿಮ್ಮಾವ ನಿಲ್ಸಿದ್ ಕಂಬ ಕಣೇ ಅದು. ಆಶೀರ್ವಾದ ಮಾಡೈತೆ, ಅಳ್ಬೇಡ" ಎಂದರು.

ಮಾವನವರನ್ನು ನಾನು ನೋಡಲೇ ಇಲ್ಲ. ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅತ್ತೆ ಪ್ರತಿ ಶುಕ್ರವಾರ ಕಂಬಕ್ಕೆ ಕುಂಕುಮ ಇಟ್ಟು, ಅದರ ಹತ್ತಿರ ಮೆಲ್ಲಗೆ ಏನೋ ಹೇಳಿಕೊಳ್ಳುತ್ತಿದ್ದರು. ಬಹುತೇಕ ನನ್ನ ಮೇಲಿನ ದೂರೇ ಇರಬೇಕು.

ಅದು ಅರವತ್ತರ ದಶಕ ಮುಗಿದು ಎಪ್ಪತ್ತು ಶುರುವಾಗಿದ್ದ ಕಾಲ. ಮನೆಯಲ್ಲಿ ಇದ್ದವರು ಅತ್ತೆ, ನಮ್ಮ ಯಜಮಾನರು, ನಾನು. ಮಗ್ಗ ಒಂದೇ. ಕಂಬದ ಎಡಕ್ಕೆ ನೆಲದಲ್ಲಿ ಗುಂಡಿ ತೋಡಿ ಹೂಡಿದ ಕೈಮಗ್ಗ. ಅದರ ನೆತ್ತಿಯ ಮೇಲೆ ಮರದ ತೊಲೆಗೆ ಕೂರಿಸಿದ ಜಕಾರ್ಡ್ ಪೆಟ್ಟಿಗೆ. ಸೀರೆಯಲ್ಲಿ ಹೂವು ಮೂಡಬೇಕಾದರೆ ಯಾವ ಎಳೆ ಏಳಬೇಕು, ಯಾವುದು ಮಲಗಬೇಕು ಎಂದು ನೂರಾರು ದಾರಗಳನ್ನು ಎಳೆದೆಳೆದು ಹೇಳುವುದು ಆ ಪೆಟ್ಟಿಗೆಯೇ. ಹೆಣಭಾರ. ಕಂಬದ ಬಲಕ್ಕೆ ನನ್ನ ರಾಟೆ. ಅವರು ನೇಯುವುದು, ನಾನು ಅವರ ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ನೂಲು ಸುತ್ತುವುದು.

ಆದರೆ ನನಗೆ ನೇಯಲು ಬರುತ್ತಿತ್ತು. ದೇವನಹಳ್ಳಿಯಲ್ಲಿ ನಮ್ಮಪ್ಪನಿಗೆ ಗಂಡುಮಕ್ಕಳಿಲ್ಲದೆ ನನ್ನನ್ನೇ ಮಗ್ಗದ ಗುಂಡಿಗೆ ಇಳಿಸಿದ್ದರು. ಇಲ್ಲಿ ರಾಟೆ ತಿರುಗಿಸುತ್ತಾ ಕೂತರೆ ಕಾಲು ಸುಮ್ಮನಿರುತ್ತಿರಲಿಲ್ಲ. ಅವರು ತುಳಿದಾಗಲೆಲ್ಲ ನನ್ನ ಹೆಬ್ಬೆರಳೂ ನೆಲ ಒತ್ತುತ್ತಿತ್ತು. ಅಪ್ಪನಿಗೆ ಕಣ್ಣು ಮಂಜಾಗಿ, ಅವರ ಪೆಟ್ಟಿಗೆ ಸುಮ್ಮನೆ ದೂಳು ತಿನ್ನುತ್ತಿತ್ತು. ಅದನ್ನು ತಂದು ಇನ್ನೊಂದು ಮಗ್ಗ ಹೂಡೋಣ, ನಾನು ನೇಯುತ್ತೇನೆ ಎಂದು ಯಜಮಾನರ ತಲೆ ತಿಂದೆ.

"ಎಲ್ಲಿ ಹೂಡ್ತೀಯ? ಕಂಬಾನ ತೊಡೆ ಮೇಲೆ ಕೂರಿಸ್ಕೊಂಡು ನೇಯ್ತೀಯಾ?" ಎಂದರು ಅವರು.

"ಕಂಬ ತೆಗ್ಸಿ."

"ಏನಂದೆ?" ಅಡುಗೆಮನೆಯಿಂದ ಅತ್ತೆಯ ದನಿ ಬಂತು. ಅತ್ತೆಗೆ ಬೇಡದ ಮಾತು ಬೇಗ ಕೇಳಿಸುತ್ತಿತ್ತು. "ಕಂಬ ತೆಗ್ದು ಸೂರ್ನ ನಿನ್ ತಲೆ ಮೇಲೆ ಹೊತ್ಕೋತೀಯೇನೇ?"

ಈ ಜಗಳ ನಮ್ಮ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಓವರ್ಸೀಯರ್ ಸಾಹೇಬರ ಕಿವಿಗೂ ಬಿತ್ತು. ಹೊಸಕೋಟೆಯವರು, ರಸ್ತೆ ಸೇತುವೆ ಕೆಲಸ ನೋಡಿಕೊಳ್ಳುತ್ತಿದ್ದರು. ಸಂಸಾರವನ್ನು ಊರಲ್ಲೇ ಬಿಟ್ಟು ಒಬ್ಬರೇ ಇದ್ದರು. ಮನೆಯಲ್ಲಿ ದಖನಿ ಮಾತಾಡುವ ಅವರು ನಮ್ಮ ಜೊತೆ ಮೆತ್ತಗೆ, ಎಣಿಸಿ ಇಟ್ಟ ಹಾಗೆ ಕನ್ನಡ ಮಾತಾಡುತ್ತಿದ್ದರು. ಬಂದು ಸೂರು ನೋಡಿದರು, ಕಂಬವನ್ನು ಕುದುರೆಯ ಕತ್ತು ತಟ್ಟುವಂತೆ ತಟ್ಟಿದರು.

"ಅಮ್ಮಾ, ಗೋಡೆಯಿಂದ ಗೋಡೆಗೆ ಒಂದು ಕಬ್ಬಿಣದ ಗರ್ಡರ್ ಹಾಕಿದ್ರೆ ಕಂಬ ಬೇಕಾಗಿಲ್ಲ. ತೊಲೆ, ಹೆಂಚು, ಎರಡು ಪೆಟ್ಟಿಗೆ, ಎಲ್ಲಾ ಅದೇ ಹೊರುತ್ತೆ."

ಅತ್ತೆ ಸೊಂಟಕ್ಕೆ ಕೈ ಕೊಟ್ಟು ಕೇಳಿದರು. "ಕಬ್ಬಿಣ ಬಗ್ಗಲ್ವಾ ಸಾಹೇಬ್ರೇ?"

ಬಗ್ಗುವುದಿಲ್ಲ ಎಂದು ಹೇಳುತ್ತಾರೆ ಎಂದುಕೊಂಡಿದ್ದೆ. ಅವರು, "ಬಗ್ಗುತ್ತೆ ಅಮ್ಮಾ. ಬಗ್ಗದೇ ಇರೋದು ಯಾವುದೂ ಇಲ್ಲ. ಗುಬ್ಬಿ ಬಂದು ಕೂತ್ರೂ ಬಗ್ಗುತ್ತೆ" ಎಂದುಬಿಟ್ಟರು.

ಅತ್ತೆ ನಕ್ಕ ನಗು ಬೀದಿಗೆ ಕೇಳಿಸಿತು. "ನೋಡ್ರಪ್ಪಾ, ಗುಬ್ಬಿಗೇ ಬಗ್ಗೋ ಕಬ್ಬಿಣಾನ ನಮ್ ತಲೆ ಮೇಲೆ ಇಡ್ತಾರಂತೆ!"

"ಎಷ್ಟು ಬಗ್ಗುತ್ತೆ ಅನ್ನೋದು ಮುಖ್ಯ ಅಮ್ಮಾ. ಅದನ್ನ ಕಬ್ಬಿಣ ತರೋಕೆ ಮುಂಚೇನೇ ಹೇಳ್ಬಹುದು."

"ತರೋಕ್ ಮುಂಚೇನಾ? ನೀವೇನ್ ಜೋಯಿಸ್ರಾ?"

"ಲೆಕ್ಕ ಅಮ್ಮಾ."

ಅತ್ತೆ ಸ್ವಲ್ಪ ಹೊತ್ತು ಕಂಬವನ್ನೂ ಅವರನ್ನೂ ನೋಡಿದರು. ಆಮೇಲೆ ತೀರ್ಪು ಕೊಟ್ಟರು. "ಆಗ್ಲಿ. ಎಷ್ಟು ಬಗ್ಗುತ್ತೆ ಅಂತ ಈಗ್ಲೇ ಹೇಳಿ. ನೀವ್ ಹೇಳಿದ್ದಕ್ಕಿಂತ ಒಂದ್ ಕೂದ್ಲು ಜಾಸ್ತಿ ಬಗ್ಗಿದ್ರೂ ನಮ್ಮೆಜಮಾನ್ರ ಕಂಬ ಇದ್ದ ಜಾಗಕ್ಕೇ ಬರ್ಬೇಕು. ಆಮ್ಯಾಕೆ ಇವ್ಳು ಜಲ್ಮದಲ್ಲಿ ಮಗ್ಗದ್ ಮಾತೆತ್ಬಾರ್ದು."

ನನ್ನ ಮಗ್ಗ ಹೀಗೆ, ಇನ್ನೂ ಯಾರೂ ಕೊಳ್ಳದ ಒಂದು ಕಬ್ಬಿಣದ ಬಾಗುವಿಕೆಗೆ ನೇತುಬಿತ್ತು.

ಸಾಹೇಬರು ಲೆಕ್ಕ ಮಾಡಿದ್ದು ಜಗಲಿಯ ಕಡಪ ಕಲ್ಲಿನ ಮೇಲೆ, ಸೀಮೆಸುಣ್ಣದಲ್ಲಿ. ಮೊದಲು ನಮ್ಮಿಂದ ಒಂದು ವಾರ ಕೆಲಸ ತೆಗೆದರು. ಪೆಟ್ಟಿಗೆಯನ್ನು ಇಳಿಸಿ ಸೌದೆ ಡಿಪೋದ ತಕ್ಕಡಿಯಲ್ಲಿ ತೂಗಿಸಿದರು. ಡಿಪೋದವನು, "ಏನಣ್ಣಾ, ಮಗ್ಗಾನ ಒಲೆಗಿಡ್ತೀಯಾ?" ಎಂದು ಯಜಮಾನರನ್ನು ಕಿಚಾಯಿಸಿದ. ಹೆಂಚುಗಳನ್ನು ಎಣಿಸಿಸಿದರು. ನೆಂದ ಹೆಂಚು ಒಣ ಹೆಂಚಿಗಿಂತ ಭಾರ ಎಂದು ಒಂದನ್ನು ಇಡೀ ದಿನ ನೀರಿನಲ್ಲಿ ಮುಳುಗಿಸಿ ತೂಗಿದರು. ಮಳೆಗಾಲವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುವ ಮನುಷ್ಯನನ್ನು ನಾನು ಅದೇ ಮೊದಲು ನೋಡಿದ್ದು.

ಆಮೇಲೆ ಕಲ್ಲಿನ ಮುಂದೆ ಕೂತರು. ನಾನು ಬಾಗಿಲ ಮರೆಯಲ್ಲಿ ನಿಂತೆ. ಗೋಡೆಯಿಂದ ಗೋಡೆಗೆ ಇದ್ದ ಉದ್ದವನ್ನು ಬರೆದು, ಅದನ್ನು ಅದರಿಂದಲೇ ಗುಣಿಸಿದರು. ಬಂದದ್ದನ್ನು ಮತ್ತೆ ಅದೇ ಉದ್ದದಿಂದ ಗುಣಿಸಿದರು. ನನಗೆ ತಡೆಯಲಾಗಲಿಲ್ಲ.

"ಸಾಹೇಬ್ರೇ, ಉದ್ದ ಒಂದೇ ಅಲ್ವಾ? ಯಾಕೆ ಮತ್ ಮತ್ ಗುಣಿಸ್ತೀರಾ?"

ಅವರು ತಲೆ ಎತ್ತದೆ ಹೇಳಿದರು. "ತಂಗೀ, ಉದ್ದ ಎರಡರಷ್ಟು ಆದ್ರೆ ಬಾಗೋದು ಎರಡರಷ್ಟಲ್ಲ. ಎಂಟರಷ್ಟು. ನಂಬಬೇಡ, ಮನೇಲಿ ಮಾಡಿ ನೋಡು."

ಮಧ್ಯಾಹ್ನ ಅತ್ತೆ ಒರಗಿದ ಮೇಲೆ ಅಡುಗೆಮನೆಯಲ್ಲಿ ರಾಗಿ ಅಳೆಯುವ ಎರಡು ಕೊಳಗ ಬೋರಲು ಹಾಕಿದೆ. ಮೇಲೆ ಅಡ್ಡಲಾಗಿ ಬಿದಿರಿನ ದಬ್ಬೆ, ದಬ್ಬೆಯ ನಡುವೆ ದಾರ ಕಟ್ಟಿ ತಕ್ಕಡಿಯ ಕಬ್ಬಿಣದ ತೂಕ. ದಬ್ಬೆ ನಾಲ್ಕು ಬೆರಳು ಬಗ್ಗಿತು. ಕೊಳಗಗಳನ್ನು ಸರಿಸಿ ದೂರವನ್ನು ಅರ್ಧ ಮಾಡಿದೆ. ಎರಡು ಬೆರಳು ಬಗ್ಗಬೇಕು ಎಂದು ನನ್ನ ಬುದ್ಧಿ ಹೇಳುತ್ತಿತ್ತು. ಬಗ್ಗಿದ್ದು ಅರ್ಧ ಬೆರಳು. ಮತ್ತೆ ಮಾಡಿದೆ. ಅರ್ಧ ಬೆರಳೇ. ನಾಲ್ಕರಲ್ಲಿ ಅರ್ಧ ಎಷ್ಟು ಸಲ ಇದೆ? ಎಂಟು. ಯಾರೂ ಹೇಳಿಕೊಡದೆ, ಮೆಳೆಯಿಂದ ಕಡಿದು ತಂದ ದಬ್ಬೆಗೆ ಈ ಮಗ್ಗಿ ಎಲ್ಲಿಂದ ಬಂತು?

"ಅಯ್ಯೋ ನಿನ್ನ! ಕೊಳಗ ಬೋರಲು ಹಾಕಿದೀಯಲ್ಲೇ, ಮನೇಲಿ ಕಾಳಿಲ್ದಂಗೆ!" ಅತ್ತೆ ಬಾಗಿಲಲ್ಲಿ ನಿಂತಿದ್ದರು. ಬೋರಲು ಕೊಳಗ ಕೇಡು ಎಂಬುದು ನನಗೂ ಗೊತ್ತಿತ್ತು. ನಾನು ಅವಸರದಲ್ಲಿ ಎಂಟರ ವಿಷಯ ಒದರಿದೆ. ಅತ್ತೆ ಮುಖ ಗಂಟಿಕ್ಕಿಕೊಂಡೇ ಪಕ್ಕದಲ್ಲಿ ಕೂತರು.

"ಇನ್ನೊಂದ್ಸಲ ಮಾಡು, ನೋಡಾಣ."

ಮಾಡಿದೆ. ಅವರೇ ಬೆರಳಿಟ್ಟು ಅಳೆದರು. ಆಮೇಲೆ ಕೊಳಗಗಳನ್ನು ನೆಟ್ಟಗೆ ಮಾಡಿ, ಒಂದೊಂದಕ್ಕೂ ಒಂದು ಹಿಡಿ ರಾಗಿ ಹಾಕಿ ಎದ್ದುಹೋದರು.

ಮರುದಿನ ಸಾಹೇಬರು ಇನ್ನೊಂದು ತೋರಿಸಿದರು. ಮಗ್ಗದ ಒಂದು ಚಪ್ಪಟೆ ಪಟ್ಟಿಯನ್ನು ಮಲಗಿಸಿ ಒತ್ತಿದರೆ ಬಿಲ್ಲಿನಂತೆ ಬಗ್ಗಿತು. ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಜಪ್ಪಯ್ಯ ಎನ್ನಲಿಲ್ಲ. ಮರವೂ ಅದೇ, ಕೈಯೂ ಅದೇ. "ಅದಕ್ಕೇ ಗರ್ಡರನ್ನ ಇಂಗ್ಲಿಷಿನ ಐ ಅಕ್ಷರದ ತರ ಮಾಡಿರ್ತಾರೆ. ಮಲಗಿಸಿದ್ರೆ ಸೋಮಾರಿ, ನಿಲ್ಲಿಸಿದ್ರೆ ಪೈಲ್ವಾನ್" ಎಂದರು. ನಮ್ಮ ಯಜಮಾನರನ್ನು ನೋಡಿ ನಾನು ನಗು ತಡೆದುಕೊಂಡೆ. ಅವರೂ ಮಲಗಿದರೆ ಹಾಗೇ.

ಕೊನೆಗೆ ಕಲ್ಲಿನ ಮೇಲೆ ಒಂದೇ ಅಂಕಿ ಉಳಿಯಿತು. ಮೂರು ನೂಲು. ಬಡಗಿಗಳು ಇಂಚನ್ನು ಎಂಟು ಭಾಗ ಮಾಡಿ ಒಂದೊಂದಕ್ಕೆ ಒಂದು ನೂಲು ಎನ್ನುತ್ತಾರೆ. ಅಷ್ಟು ಭಾರದ ಸೂರು, ಎರಡು ಪೆಟ್ಟಿಗೆ, ನೆಂದ ಹೆಂಚು, ಎಲ್ಲ ಸೇರಿ ಕಬ್ಬಿಣವನ್ನು ಕಿರುಬೆರಳಿನ ದಪ್ಪಕ್ಕಿಂತ ಕಡಿಮೆ ಬಗ್ಗಿಸುತ್ತವೆ ಎಂದರ್ಥ. ಅತ್ತೆ ಆ ಅಂಕಿಯನ್ನು ಯಾರೂ ತಿದ್ದಬಾರದೆಂದು ಅದರ ಮೇಲೆ ಕೋಳಿ ಮುಚ್ಚುವ ಮಂಕರಿ ಕವುಚಿ ಹಾಕಿದರು. ಬೀದಿಯಲ್ಲಿ ಹೋಗುವವರು, "ಹುಂಜಾನಾ, ಯಾಟೆನಾ?" ಎಂದು ಕೇಳುವರು. "ಸಾಹೇಬ್ರು ಮೊಟ್ಟೆ ಇಟ್ಟವ್ರೆ, ಮರಿ ಆಗ್ಲಿ ಅಂತ ಕಾಯ್ತಿದೀನಿ" ಎನ್ನುವರು ಅತ್ತೆ.

ಗರ್ಡರ್ ಬಂತು, ದೇವನಹಳ್ಳಿಯಿಂದ ಅಪ್ಪನ ಪೆಟ್ಟಿಗೆಯೂ ಬಂತು. ಸರ್ವೆ ಮರದ ಊರುಗೋಲುಗಳನ್ನು ಸೂರಿಗೆ ಕೊಟ್ಟು, ಕಂಬವನ್ನು ಕಳಚಿ ಜಗಲಿಯ ಮೇಲೆ ಮಲಗಿಸಿದರು. ಅತ್ತೆ ಅದಕ್ಕೊಂದು ಹಳೆಯ ಪಂಚೆ ಹೊದಿಸಿದರು. ತೊಲೆಯ ಕೆಳಗೆ ಗರ್ಡರನ್ನು ಸೇರಿಸಿ, ಅದರ ಮೇಲೆ ಎರಡೂ ಪೆಟ್ಟಿಗೆಗಳನ್ನು ಕೂರಿಸಿದರು. ಊರುಗೋಲುಗಳು ಇನ್ನೂ ಕೆಳಗೆ ನಿಂತಿದ್ದವು. ಅವುಗಳನ್ನು ತೆಗೆದ ಮೇಲಷ್ಟೇ ಕಬ್ಬಿಣ ನಿಜವಾಗಿ ಹೊರುವುದು. ಅಷ್ಟರಲ್ಲಿ ಸಾಹೇಬರಿಗೆ ಎಲ್ಲೋ ಸೇತುವೆಯ ಕ್ಯಾಂಪ್ ಬಂತು. ಹೊರಡುವಾಗ ಯಜಮಾನರಿಗೆ ಹೇಳಿದರು. "ನಾನು ಬರೋವರೆಗೂ ಪೆಟ್ಟಿಗೆ ದಾರ ಕಟ್ಟಬೇಡಿ. ಮೊದಲು ಕಬ್ಬಿಣ ಬಗ್ಗಲಿ, ಆಮೇಲೆ ದಾರ."

ಆದರೆ ನಮ್ಮ ಕೇರಿಯಲ್ಲಿ ಮಗ್ಗ ಹೂಡುವುದಕ್ಕೆ ಘಳಿಗೆ ನೋಡುತ್ತಾರೆ. ನಿಂತ ಮಗ್ಗ ಮತ್ತೆ ಶುರುವಾಗುವುದಕ್ಕೂ ನೋಡುತ್ತಾರೆ. ಆ ಒಳ್ಳೆಯ ಘಳಿಗೆ ಸಾಹೇಬರಿಗಿಂತ ಮೊದಲೇ ಬಂದುಬಿಟ್ಟಿತು.

"ಸಾಹೇಬ್ರು ಬ್ಯಾಡ ಅಂದವ್ರೆ" ಎಂದೆ.

"ಘಳಿಗೆ ಸಾಹೇಬ್ರಿಗೆ ಕಾಯ್ತದಾ? ನಾನೇನ್ ನಿನ್ನೆ ಮೊನ್ನೆ ದಾರ ಕಟ್ದೋನಾ?" ಎಂದರು ಯಜಮಾನರು. ಕೂತು ನೂರಾರು ದಾರಗಳನ್ನೂ ಕೂದಲೆಳೆ ಹೆಚ್ಚು ಕಡಿಮೆ ಆಗದಂತೆ ಸಮ ಮಾಡಿ ಕಟ್ಟಿದರು. ಘಳಿಗೆಗೆ ಸರಿಯಾಗಿ ಒಂದು ಗೇಣು ನೇಯ್ದರು. ಹೂವು ಬಿಡಿಸಿಟ್ಟ ಹಾಗೆ ಬಂತು. ಅತ್ತೆ ಬೀದಿಗೆಲ್ಲ ಬೆಲ್ಲ ಹಂಚಿದರು.

ಸಾಹೇಬರು ಬಂದು ನೋಡಿ, "ಅರೆ, ಕಟ್ಟಿಬಿಟ್ರಾ?" ಎಂದು ಹಣೆ ಉಜ್ಜಿಕೊಂಡರು. "ಆಗ್ಲಿ. ಮೊದಲು ಇದನ್ನ ನೋಡೋಣ."

ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ, ಗರ್ಡರಿನ ಕೆಳಗೆ, ಒಂದು ರೇಷ್ಮೆ ಎಳೆ ಕಟ್ಟಬೇಕೆಂದರು. ಎಳೆ ಆರಿಸಿದವಳು ನಾನು. ಅದರ ಎರಡೂ ತುದಿಗೆ ತೂಕ ಇಳಿಬಿಟ್ಟದ್ದರಿಂದ ಸೂಜಿಯ ಹಾಗೆ ನೆಟ್ಟಗೆ ನಿಂತಿತು. ಗರ್ಡರಿನ ನಡುವಿಗೆ ಒಂದು ರಟ್ಟಿನ ಪಟ್ಟಿ ಅಂಟಿಸಿದರು. ಪಟ್ಟಿ ಇಳಿಬಿದ್ದು ಎಳೆಯ ಹಿಂದೆ ನಿಂತಿತು. ಎಳೆ ಇರುವ ಕಡೆ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಅದಕ್ಕೆ ಮೂರು ನೂಲು ಮೇಲೆ ಇನ್ನೊಂದು ಗೆರೆ. ಕಬ್ಬಿಣ ಬಗ್ಗಿದರೆ ಪಟ್ಟಿ ಕೆಳಗಿಳಿಯುತ್ತದೆ, ಎಳೆ ಮೇಲಿನ ಗೆರೆಯ ಕಡೆ ಹೋದಂತೆ ಕಾಣುತ್ತದೆ.

"ಪೆನ್ಸಿಲ್ ಗೆರೆ ನನ್ ಕಣ್ಣಿಗೆ ಕಾಣ್ಸಲ್ಲ" ಎಂದು ಅತ್ತೆ ಭರಣಿ ತಂದು, ಮೇಲಿನ ಗೆರೆಗೆ ಕಡ್ಡಿಯಿಂದ ಕುಂಕುಮ ತೀಡಿದರು. "ಎಳೆ ಇದನ್ನ ದಾಟಿದ್ರೆ ಕಂಬ ಎದ್ದು ಬರ್ತದೆ."

ಊರುಗೋಲುಗಳ ಬುಡದ ಬೆಣೆಗೆ ಮೊದಲ ಏಟು ಬಿತ್ತು. ಸೂರು ಕಿರ್ ಎಂದಿತು. ಹೆಂಚಿನ ಸಂದಿಯಿಂದ ವರ್ಷಗಳ ಮಸಿ ನಮ್ಮ ಮೇಲೆ ಉದುರಿತು. ಎಳೆ ಗೆರೆಯಿಂದ ಸ್ವಲ್ಪ ಮೇಲಕ್ಕೆ ಬಂದಿತು. ಇನ್ನೊಂದು ಊರುಗೋಲು ಬಿತ್ತು. ಇನ್ನೂ ಮೇಲೆ. ನನ್ನ ಕಣ್ಣಿನಲ್ಲಿ ಮಗ್ಗವೂ ಇರಲಿಲ್ಲ, ಕಂಬವೂ ಇರಲಿಲ್ಲ. ಆ ಎಳೆಯೊಂದೇ. ನಾಲ್ಕು ಜನ ಹೊತ್ತು ತಂದ ಕಬ್ಬಿಣ, ಸುತ್ತಿಗೆಯಲ್ಲಿ ಬಡಿದರೆ ಗಂಟೆಯ ಹಾಗೆ ಮೊಳಗಿದ್ದ ಕಬ್ಬಿಣ, ನನ್ನ ಕಣ್ಣೆದುರು ಹಸಿ ದಬ್ಬೆಯ ಹಾಗೆ ಬಗ್ಗುತ್ತಿತ್ತು. ಕೊನೆಯ ಊರುಗೋಲು ಬಿದ್ದಾಗ ಎಳೆ ಕುಂಕುಮದ ಕೆಳ ಅಂಚಿಗೆ ಬಂದು ಮುಟ್ಟಿತು. ನಿಂತಿತು.

ಅತ್ತೆ ಎಲೆಅಡಿಕೆ ಬಾಯಿಗೆ ಹಾಕಿಕೊಂಡು, "ಇರ್ರಿ, ಇನ್ನೂ ಬಗ್ತದೆ" ಎಂದು ಅದರ ಮುಂದೆಯೇ ಕೂತರು. ಎಲೆಅಡಿಕೆ ಅಗಿದು ಮುಗಿಯಿತು. ಎಳೆ ಅಲ್ಲೇ ಇತ್ತು. ಅತ್ತೆ ಎದ್ದು ಹೊರಗೆ ಹೋದರು. ಮಂಕರಿ ಎತ್ತಿ ಕಲ್ಲನ್ನು ನೋಡಿದರು. ಮತ್ತೆ ಬಂದು ಎಳೆಯನ್ನು ನೋಡಿದರು. "ಅಲ್ಲಾ, ಅದು ಹೊರಗೆ ಕಲ್ಲಿನ್ ಮೇಲಿತ್ತು. ಇದು ಒಳಗಿತ್ತು. ಇದಕ್ಕೆ ಹೆಂಗೆ ಗೊತ್ತಾಯ್ತು?" ಎಂದರು. ನನಗೂ ಕೇಳಬೇಕೆನಿಸಿದ್ದು ಅದೇ. ಇವತ್ತಿಗೂ ಅದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಸಿಕ್ಕಿಲ್ಲ.

ಗೆದ್ದೆ ಎಂದು ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಷ್ಟರಲ್ಲಿ ಯಜಮಾನರು ಮಗ್ಗಕ್ಕೆ ಇಳಿದು ತುಳಿದರು. ಲಾಳಿ ಅರ್ಧಕ್ಕೇ ಸಿಕ್ಕಿಕೊಂಡಿತು. ಇನ್ನೊಮ್ಮೆ ಹೊಡೆದರು. ಪಟಪಟನೆ ಎಳೆಗಳು ಹರಿದವು. ಪೆಟ್ಟಿಗೆ ಕಬ್ಬಿಣದ ಜೊತೆ ಇಳಿದಿತ್ತು. ಅದರ ದಾರಗಳೂ, ದಾರ ಹಿಡಿದ ಎಳೆಗಳೂ ಇಳಿದು ಜೋತುಬಿದ್ದಿದ್ದವು.

"ಸಾಹೇಬ್ರ ಲೆಕ್ಕ ಸರಿ ಐತೆ ಕಣಪ್ಪಾ, ಬಟ್ಟೆ ಸರಿ ಇಲ್ವಲ್ಲಾ!" ಅತ್ತೆಗೆ ಜೀವ ಬಂತು. "ಸೀರೆ ಬರ್ದಿದ್ ಮ್ಯಾಲೆ ಲೆಕ್ಕ ಉಟ್ಕೋತೀರಾ? ತನ್ರೋ ಕಂಬಾನ."

ಯಜಮಾನರು ಗುಂಡಿಯಲ್ಲೇ ತಲೆ ಹಿಡಿದು ಕೂತಿದ್ದರು. "ಇನ್ನೊಂದ್ಸಲ ಅಷ್ಟೂ ದಾರ ಬಿಚ್ಚಿ ಕಟ್ಟೋಕೆ ನನ್ ಕೈಲಾಗಲ್ಲ. ಅಮ್ಮ ಹೇಳ್ದಂಗೆ ಕಂಬ ನಿಲ್ಸಿ ಮೇಲಕ್ಕೆ ಎತ್ತಿಬಿಡಾಣ."

ಕಂಬ ತರಲು ಹೊರಟವರ ಜೊತೆ ನನ್ನ ಮಗ್ಗವೂ ಜಗಲಿಯ ಕಡೆ ನಡೆದುಹೋಗುತ್ತಿತ್ತು. ನಾನು ಎಳೆಯನ್ನೇ ನೋಡುತ್ತಿದ್ದೆ.

"ರೀ, ಪೆಟ್ಟಿಗೆ ಎಷ್ಟು ಇಳೀತು?"

"ಅದ್ಯಾವನಿಗ್ ಗೊತ್ತು!"

"ಗೊತ್ತಲ್ರೀ. ಅತ್ತೆ ಕುಂಕುಮ ಇಟ್ಟು ತೋರಿಸ್ತಾವ್ರೆ. ಕಬ್ಬಿಣಾನ ಯಾಕೆ ಎತ್ತೀರಾ? ಪೆಟ್ಟಿಗೆ ಕಾಲ್ನ ಅಷ್ಟೇ ಎತ್ರಿ. ಕೆಳಗೆ ಒಂದು ಮರದ್ ಚೂರು ಇಟ್ರೆ ದಾರ ಎಲ್ಲಾ ಇದ್ದಲ್ಲಿಗೇ ಬರ್ತವೆ."

ಸಾಹೇಬರು ತೊಡೆ ತಟ್ಟಿ ನಕ್ಕರು. "ಶಾಭಾಷ್ ತಂಗೀ! ನಡುವೆ ಮೂರು ನೂಲು. ಪೆಟ್ಟಿಗೆ ನಡುವಿಂದ ಸ್ವಲ್ಪ ಈಚೆ ಇದೆ, ಅಲ್ಲಿ ಮೂರಕ್ಕೆ ಒಂಚೂರು ಕಮ್ಮಿ. ಆದ್ರೆ ಮರ ಗಟ್ಟಿ ಇರ್ಬೇಕು. ನಜ್ಜಿ ಹೋದ್ರೆ ಮತ್ತೆ ಇಳಿಯುತ್ತೆ."

ಗಟ್ಟಿ ಮರ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಯಜಮಾನರು ಅಟ್ಟದಲ್ಲಿ ತೇಗದ ತುಂಡು ಇರಬೇಕು ಎಂದು ಏಣಿ ಹುಡುಕುವ ನಾಟಕ ಮಾಡಿದರು. ಅತ್ತೆ ಜಗಲಿಗೆ ಹೋಗಿ ಕಂಬದ ಪಕ್ಕ ಕೂತರು. ಪಂಚೆ ಸರಿಸಿದರು. ಬಹಳ ಹೊತ್ತು ಅದರ ಮೇಲೆ ಕೈ ಇಟ್ಟುಕೊಂಡಿದ್ದರು. ಈ ಸಲ ದೂರು ಹೇಳುತ್ತಿರಲಿಲ್ಲ, ತುಟಿ ಅಲ್ಲಾಡಲಿಲ್ಲ.

"ಇದರ ಬುಡ ಕುಯ್ಸಿ" ಎಂದರು. "ಸುಮ್ನೆ ಮಲಗಿರೋದು ಅವರಿಗೆ ಯಾವತ್ತೂ ಆಗ್ತಿರ್ಲಿಲ್ಲ. ಒಂಚೂರು ಹೊರ್ಲಿ."

ಬಡಗಿ ಕಂಬದ ಬುಡದಿಂದ ತೆಳ್ಳನೆಯ ಬಿಲ್ಲೆಗಳನ್ನು ಕುಯ್ದು, ಉಜ್ಜಿ ಉಜ್ಜಿ ಸಾಹೇಬರು ಹೇಳಿದ ಅಳತೆಗೆ ತಂದ. ಪೆಟ್ಟಿಗೆಯ ಒಂದೊಂದು ಕಾಲಿನ ಕೆಳಗೂ ಒಂದೊಂದು. ಹಳದಿ ಹಲಸಿನ ಬಿಲ್ಲೆಗಳು, ಕೆಳಗೆ ಕಪ್ಪು ಕಬ್ಬಿಣ. ಯಜಮಾನರು ಉಸಿರು ಬಿಗಿಹಿಡಿದು ತುಳಿದರು. ಲಾಳಿ ನೀರಿನಲ್ಲಿ ಮೀನು ಹೋದ ಹಾಗೆ ಈ ಕಡೆಯಿಂದ ಆ ಕಡೆಗೆ ಹೋಯಿತು.

ನನ್ನ ಮಗ್ಗಕ್ಕೆ ಕಬ್ಬಿಣ ಬಗ್ಗಿದ ಮೇಲೆಯೇ ದಾರ ಕಟ್ಟಿದೆವು. ಅದಕ್ಕೆ ಬಿಲ್ಲೆ ಬೇಕಿರಲಿಲ್ಲ. ಆದರೂ ಅತ್ತೆ ನಾಲ್ಕು ಬಿಲ್ಲೆ ಕುಯ್ಸಿ, "ಇವಳಿಗೂ ಇಡಿ, ಆಮೇಲೆ ತಾರತಮ್ಯ ಮಾಡಿದ್ರು ಅಂತಾಳೆ" ಎಂದರು. ಅಪ್ಪನ ಪೆಟ್ಟಿಗೆಯ ಕೆಳಗೆ ಮಾವನ ಮರ ಸೇರಿತು. ದಾರ ಮತ್ತೆ ಸಮ ಮಾಡಲು ನಾನು ಒಂದು ದಿನ ಹೆಚ್ಚು ಒದ್ದಾಡಿದೆ. ಕಂಬವಿದ್ದ ಜಾಗದಲ್ಲಿ ಈಗ ನನ್ನ ಗುಂಡಿ. ಕಾಲು ಇಳಿಬಿಟ್ಟು ಮೊದಲ ಸಲ ತುಳಿದಾಗ ತಲೆಯ ಮೇಲೆ ಪೆಟ್ಟಿಗೆ ಟಕ್ ಎಂದಿತು, ಸೆರಗಿನ ಮೊದಲ ಹೂವಿನ ಮೊದಲ ಗೆರೆ ಬಿತ್ತು.

ಕಂಡಿಕೆ ಸುತ್ತುವವರು ಬೇಕಲ್ಲ? ಅತ್ತೆ ತಾವೇ ರಾಟೆ ಎಳೆದುಕೊಂಡರು. "ಬೇಗ್ ಬೇಗ್ ತುಳಿಯೇ. ಸುತ್ತಿ ಸುತ್ತಿ ಕೂತಿದೀನಿ, ನೀನೇನ್ ಹೂವಿಗೆ ನೀರ್ ಹಾಕ್ತಿದೀಯಾ?" ಎಂದು ದಿನವೆಲ್ಲ ಬೈಯುವರು.

ರೇಷ್ಮೆ ಎಳೆಯನ್ನು ಬಿಚ್ಚಲು ಅವರು ಒಪ್ಪಲಿಲ್ಲ. ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಅದನ್ನೊಮ್ಮೆ, ಕುಂಕುಮದ ಗೆರೆಯನ್ನೊಮ್ಮೆ ನೋಡುವುದು ಅವರಿಗೆ ಪೂಜೆಯ ಭಾಗವಾಯಿತು. ಮಳೆಗಾಲ ಬಂತು, ಹೆಂಚು ನೆನೆದವು. ಎಳೆ ಗೆರೆ ದಾಟಲಿಲ್ಲ. ಇಷ್ಟು ವರ್ಷಗಳ ಮೇಲೆ ಈಗ ಇದನ್ನೆಲ್ಲ ಒಂದೇ ಬೆರಳಿನಲ್ಲಿ ಈ ಫೋನಿನ ಗಾಜು ಒತ್ತಿ ಒತ್ತಿ ಬರೆಯುವಾಗ, ಇದೂ ನನ್ನ ಬೆರಳಿಗೆ ಎಷ್ಟೋ ಬಗ್ಗುತ್ತಿರಬೇಕು ಎಂದು ಒತ್ತುವ ಮುಂಚೆ ಒಂದು ಕ್ಷಣ ನಿಲ್ಲುತ್ತೇನೆ.

ಒಂದು ದಿನ ಅತ್ತೆ ರಾಟೆ ನಿಲ್ಲಿಸಿ, ಸದ್ದು ಮಾಡಬೇಡ ಎಂದು ನನಗೆ ಕೈಸನ್ನೆ ಮಾಡಿದರು. ಗರ್ಡರಿನ ಮೇಲೆ ಒಂದು ಗುಬ್ಬಿ ಬಂದು ಕೂತಿತ್ತು. ಅತ್ತೆ ಎಳೆಯ ಹತ್ತಿರ ಹೋಗಿ, ಮಂಜುಗಣ್ಣು ಕಿರಿದು ಮಾಡಿಕೊಂಡು, ಉಸಿರು ಬಿಡದೆ ನೋಡಿದರು.

"ಬಗ್ತು ಕಣೇ" ಎಂದು ಪಿಸುಗುಟ್ಟಿದರು.

"ಅದು ಕಣ್ಣಿಗೆ ಕಾಣ್ಸಲ್ಲ ಅತ್ತೆ."

"ನಿನಗೆ ಕಾಣ್ಸಲ್ಲ. ನೀನ್ ನೇಯಿ."